ಗೂಳಪ್ಪ ಪೈಲವಾನ ಕುತ್ತಿಗೆ ರಿಪೇರಿ ಮಾಡಿಸಿಕೊಂಡದ್ದು

ಹಳಿಯಾಳದ ಪೇಟೆಯಿಂದ ಕೆರೆಯ ಕಡೆಗೆ ಇಳಿಯುವ ಓಣಿಯಲ್ಲಿ ಗೂಳಪ್ಪನ ಮನೆ ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ. ರವಿವಾರ ಮುಂಜಾನೆ ಯಾವ ಮನೆಯ ಕಟ್ಟೆಯ ಮೇಲೆ ಹತ್ತು ಹದಿನೈದು ಜನ ಸೊಂಟ ಹಿಡಿದುಕೊಂಡು, ಭುಜ ಒತ್ತಿಕೊಂಡು, ತಲೆಯನ್ನು ಒಂದೇ ಕಡೆ ವಾಲಿಸಿಕೊಂಡು ಕೂತಿರುತ್ತಿದ್ದರೋ ಅದೇ ಅವನ ಮನೆ. ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಿದಿರು ಇಳಿಸುವವರು ಬರುತ್ತಿದ್ದರು. ಜೊಯಿಡಾದ ಕಾಡಿನಿಂದ ಕೊಂಕಣಿ ಮಾತಾಡುವವರು ಬರುತ್ತಿದ್ದರು. ಕ್ಯಾಸಲ್‌ರಾಕಿನ ರೈಲ್ವೆ ಗ್ಯಾಂಗಿನವರು ಒಂದು ದಿನ ರಜೆ ಹಾಕಿ ಬರುತ್ತಿದ್ದರು.

ಗೂಳಪ್ಪ ಹರೆಯದಲ್ಲಿ ಕುಸ್ತಿ ಆಡಿದವನು. ಮೂವತ್ತು ದಾಟಿದ ಮೇಲೆ ಕಣ ಬಿಟ್ಟ, ಆದರೆ ತಾಲೀಮಿನಲ್ಲಿ ಕಲಿತ ಮಾಲೀಸು ಬಿಡಲಿಲ್ಲ. ಬಂದವರನ್ನು ನೆಲದ ಮೇಲೆ ಕೂರಿಸಿ, ತಾನು ಹಿಂದೆ ಬಗ್ಗಿ ನಿಂತು, ಎಳ್ಳೆಣ್ಣೆ ಹಚ್ಚಿ ಭುಜ ನಾದುತ್ತಿದ್ದ. ನಾದುತ್ತ ನಾದುತ್ತ ಮನೆಯ ಸುದ್ದಿ ಕೇಳುತ್ತಿದ್ದ. "ನಿನ್ನೆ ಊಟಕ್ಕ ಏನ್ ಮಾಡಿದ್ರು?" ಎಂದು ಕೇಳಿ, ಅವರು ಪುಂಡಿಪಲ್ಲೆಯೋ ಹುರುಳಿಯೋ ಎಂದು ನೆನಪು ಮಾಡಿಕೊಳ್ಳುವಷ್ಟರಲ್ಲಿ ಗದ್ದ ಹಿಡಿದು ತಿರುವಿಬಿಡುತ್ತಿದ್ದ. ಕಟಕ್ ಎಂದು ಸದ್ದಾಗುತ್ತಿತ್ತು. ಸಾಲಿನಲ್ಲಿ ಕೂತವರೆಲ್ಲ ಒಮ್ಮೆ ಕಣ್ಣು ಮುಚ್ಚಿ ತೆರೆಯುತ್ತಿದ್ದರು. ತಿರುವಿಸಿಕೊಂಡವನು ತಲೆ ಇನ್ನೂ ತನ್ನದೇ ಎಂದು ಖಾತ್ರಿ ಮಾಡಿಕೊಂಡು ಎದ್ದು ಹೋಗುತ್ತಿದ್ದ.

ಈ ವಿದ್ಯೆಯಲ್ಲಿ ಅವನಿಗೆ ಒಬ್ಬನೇ ಎದುರಾಳಿ. ಮುಂಡಗೋಡದ ಕಡೆಯ ಇಂದೂರ ಎಂಬ ಹಳ್ಳಿಯ ಅಂದಾನೆಪ್ಪ. ಅವನೂ ಹಳೆಯ ಪೈಲವಾನನೇ. ಗೂಳಪ್ಪ ಕುತ್ತಿಗೆ ತಿರುವುವವನಾದರೆ ಅಂದಾನೆಪ್ಪ ಎಳೆಯುವವನು. ರೋಗಿಯನ್ನು ಅಂಗಾತ ಮಲಗಿಸಿ, ತಲೆಗೆ ಪಂಜೆ ಸುತ್ತಿ, ತಾನು ಹಿಂದಕ್ಕೆ ವಾಲಿ ಎಳೆಯುತ್ತಿದ್ದ. ಅವನ ಕಡೆಯಿಂದ ಬಂದವರ ಕುತ್ತಿಗೆ ಮುಟ್ಟಿದಾಗಲೆಲ್ಲ ಗೂಳಪ್ಪ, "ಇದೇನು, ಬಾವ್ಯಾಗಿಂದ ಕೊಡ ಎಳದಂಗ ಎಳದಾನ" ಎನ್ನುತ್ತಿದ್ದ. ಇಂದೂರದಲ್ಲಿ ಅಂದಾನೆಪ್ಪ, "ಹಳಿಯಾಳದಾಗ ಒಬ್ಬಾವ ಕೋಳಿ ಕುತ್ತಿಗಿ ತಿರುವಿದಂಗ ತಿರುವ್ತಾನ" ಎನ್ನುತ್ತಿದ್ದನಂತೆ. ಹನ್ನೆರಡು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಸುದ್ದಿ ಮಾತ್ರ ತಪ್ಪದೆ ಮುಟ್ಟುತ್ತಿತ್ತು.

ಅರವತ್ಮೂರನೆಯ ಇಸವಿಯ ಮಳೆಗಾಲ ಮುಗಿಯುವ ಹೊತ್ತಿಗೆ ಗೂಳಪ್ಪನ ಕುತ್ತಿಗೆಯೇ ಹಿಡಿಯಿತು. ಬಿದ್ದಿರಲಿಲ್ಲ, ಏನೂ ಎತ್ತಿರಲಿಲ್ಲ. ಒಂದು ದಿನ ಮುಂಜಾನೆ ಎದ್ದು ಎಡಕ್ಕೆ ತಿರುಗಲು ಹೋದರೆ ತಿರುಗಲಿಲ್ಲ, ಅಷ್ಟೇ. ಮೊದಲ ವಾರ, ಮಲಗುವಾಗ ಏನೋ ಹೆಚ್ಚುಕಮ್ಮಿ ಆಗಿರಬೇಕು ಅಂದುಕೊಂಡ. ಎರಡನೆಯ ತಿಂಗಳಿಗೆ ನೋವು ಭುಜದ ಹಲಗೆಯವರೆಗೆ ಇಳಿದು ಅಲ್ಲೇ ಬಿಡಾರ ಹೂಡಿತು.

ನೋವಿಗಿಂತ ದೊಡ್ಡ ಸಂಕಟ ಅದನ್ನು ಮುಚ್ಚಿಡುವುದು. ಊರಿನವರ ಕುತ್ತಿಗೆ ನೆಟ್ಟಗೆ ಮಾಡುವವನ ಕುತ್ತಿಗೆಯೇ ಸೊಟ್ಟಗಾಗಿದೆ ಎಂದರೆ ಕಟ್ಟೆಗೆ ಯಾರು ಬಂದಾರು? ಹೆಗಲ ಮೇಲೆ ಸದಾ ಟವೆಲು ಹೊದ್ದುಕೊಂಡ. ಎಡಕ್ಕೆ ನೋಡಬೇಕಾದರೆ ಹೊರೆಗಾಡಿಯ ಹಾಗೆ ಇಡೀ ಮೈಯನ್ನೇ ತಿರುಗಿಸಿದ. ಹಿಂದಿನಿಂದ ಕರೆದವರಿಗೆ ಓಗೊಡುವುದನ್ನೇ ಬಿಟ್ಟ. ಕಿರಾಣಿ ಅಂಗಡಿಯ ಬಸಲಿಂಗಯ್ಯ ಎರಡು ಸಲ ಕೂಗಿದರೂ ಗೂಳಪ್ಪ ನೆಟ್ಟಗೆ ನಡೆದುಹೋದದ್ದು ಪೇಟೆಯಲ್ಲೆಲ್ಲ ಸುದ್ದಿಯಾಯಿತು. ಪೈಲವಾನನಿಗೆ ಸೊಕ್ಕು ಬಂದಿದೆ, ಈಗ ತಿರುಗಿಯೂ ನೋಡುವುದಿಲ್ಲ ಎಂದರು. ಗೂಳಪ್ಪನಿಗೆ ಇದು ಒಳಗೊಳಗೇ ಸಮಾಧಾನ ತಂದಿತು. ಸೊಕ್ಕು ಎಂದರೆ ಕಸುಬಿಗೆ ಧಕ್ಕೆಯಿಲ್ಲ.

ಹೆಂಡತಿ ಸತ್ತೆವ್ವ ಮಾತ್ರ ಮೋಸಹೋಗುವ ಹೆಂಗಸಲ್ಲ. ಊಟಕ್ಕೆ ಬಡಿಸುತ್ತ ಅವನ ಎಡಕ್ಕೆ ಹೋಗಿ ಕೂತಳು.

"ಏನಾಗೇತ್ರಿ ಕುತ್ತಿಗಿಗೆ?"

"ಏನೂ ಆಗಿಲ್ಲ."

"ಹಂಗಾದರ ಈ ಮಗ್ಗಲಕ್ಕ ನೋಡ್ರಿ, ನೋಡೂಣು."

"ಆ ಮಗ್ಗಲಕ್ಕ ನೋಡಾಕ ಏನೈತಿ?"

"ನಾ ಅದೇನಿ."

ಗೂಳಪ್ಪ ತಟ್ಟೆ ಬಿಟ್ಟು ಇಡೀ ಮೈ ತಿರುಗಿಸಿ ಕೂತ. ಸತ್ತೆವ್ವ ಎದ್ದು ಒಲೆ ಹೊತ್ತಿಸಿದಳು. ಕಲ್ಲುಪ್ಪನ್ನು ಹಂಚಿನ ಮೇಲೆ ಹುರಿದು, ಹಳೆಯ ಧೋತರದ ತುಂಡಿನಲ್ಲಿ ಗಂಟು ಕಟ್ಟಿ ತಂದು ಕುತ್ತಿಗೆಗೆ ಶಾಖ ಕೊಟ್ಟಳು. ಬಿಸಿ ಇರುವವರೆಗೆ ಹಾಯೆನಿಸಿತು. ಗಂಟು ತಣ್ಣಗಾದಂತೆ ನೋವು ತನ್ನ ಜಾಗಕ್ಕೆ ತಿರುಗಿ ಬಂತು. ಹದಿನೈದು ದಿನ ಹೀಗೇ ನಡೆಯಿತು. ಕಡೆಗೆ ಗೂಳಪ್ಪ ಧೈರ್ಯ ಮಾಡಿ, ತಿರುವುವ ವಿದ್ಯೆಯನ್ನು ಅವಳಿಗೇ ಕಲಿಸಲು ಕೂತ. "ಒಂದ ಕೈ ಗದ್ದದ ಮ್ಯಾಲ ಇಡು. ಇನ್ನೊಂದು ತಲಿ ಹಿಂದ. ನಾ ಉಸರ ಬಿಟ್ಟ ಕೂಡಲೆ ತಿರುವು."

ಸತ್ತೆವ್ವ ಹೇಳಿದ ಹಾಗೆ ಹಿಡಿದಳು. ಅವನು ಉಸಿರು ಬಿಟ್ಟ. ಅವಳು ತಿರುವಲಿಲ್ಲ.

"ಯಾಕ, ಏನಾತು?"

"ಇಪ್ಪತ್ತೆಂಟು ವರ್ಷದಿಂದ ಈ ತಲೀ ತಿರುವಾಕ ನೋಡೇನಿ, ಒಂದ ದಿನಾನೂ ತಿರುಗಿಲ್ಲ. ಇವತ್ತ ತಿರುಗಿಬಿಟ್ಟರ ನಾ ಏನ್ ಮಾಡ್ಲಿ?" ಎಂದು ಕೈ ತೆಗೆದು ಒಲೆಯ ಕಡೆ ಹೋದಳು.

ಆ ಚಳಿಗಾಲದಲ್ಲೇ ಈಶಪ್ಪ ಬಂದ. ಕಾರ್ಖಾನೆಯಲ್ಲಿ ಕೆಲಸ ಮಾಡುವ, ಧಾರವಾಡದ ಕಡೆಯ ಮನುಷ್ಯ. ಕುತ್ತಿಗೆ ನೋವಿಗಾಗಿ ಆ ವರ್ಷ ಮೂರು ಸಲ ತಿರುವಿಸಿಕೊಂಡು ಹೋಗಿದ್ದ. ಈ ಸಲ ಎರಡು ತೆಂಗಿನಕಾಯಿ ಹಿಡಿದುಕೊಂಡು, ತಲೆಯನ್ನು ಆ ಕಡೆ ಈ ಕಡೆ ಲೀಲಾಜಾಲವಾಗಿ ಆಡಿಸುತ್ತ ಬಂದಿದ್ದ.

"ಪೈಲವಾನ್ರ, ಇನ್ನ ನಾ ಬರೂದಿಲ್ಲರಿ. ಆರಾಮಾತು."

"ಯಾರ ಕೈಯಿಂದ?" ಎಂದು ಗೂಳಪ್ಪ ಕೇಳಿದ. ಇಂದೂರದ ಹೆಸರು ಬರುತ್ತದೆ ಎಂದೇ ಅವನ ಎಣಿಕೆ.

"ನನ್ನ ಕೈಯಿಂದನ್ರಿ," ಎಂದು ಈಶಪ್ಪ ಅಂಗೈಯನ್ನು ಹಣೆಗೆ ಒತ್ತಿ ತೋರಿಸಿದ. ದಾಂಡೇಲಿಯ ದವಾಖಾನೆಗೆ ಗಿರಿಜಾಬಾಯಿ ಎಂಬವರು ಬಂದಿದ್ದಾರಂತೆ. ಗಂಡ ಕಾರ್ಖಾನೆಯಲ್ಲಿ ಇಂಜಿನಿಯರು. ಈಕೆ ಮುಂಬಯಿಯಲ್ಲಿ ಇದನ್ನೇ ಓದಿದವರಂತೆ. ಗುಳಿಗೆ ಕೊಡುವುದಿಲ್ಲ, ಸೂಜಿ ಚುಚ್ಚುವುದಿಲ್ಲ. ದೀಪದಿಂದ ಕಾಸುತ್ತಾರೆ, ಹಗ್ಗದಿಂದ ಎಳೆಯುತ್ತಾರೆ, ಆಮೇಲೆ ಕಸರತ್ತು ಹೇಳಿಕೊಡುತ್ತಾರೆ. "ಗುರುವಾರಕ್ಕೊಮ್ಮೆ ಹೊರಗಿನ ಮಂದೀನೂ ನೋಡ್ತಾರ್ರಿ. ಎರಡು ತಿಂಗಳಾತು ನಾ ಮಾಡಾಕ ಹತ್ತಿ."

"ಕಸರತ್ತು," ಎಂದ ಗೂಳಪ್ಪ. ದಿನಕ್ಕೆ ಐನೂರು ಬಸ್ಕಿ ಹೊಡೆದವನಿಗೆ ಆ ಮಾತು ಚುಚ್ಚಿತು. ಈಶಪ್ಪ ಹೋದ ಮೇಲೆ ತೆಂಗಿನಕಾಯಿ ಮುಟ್ಟಲಿಲ್ಲ. ಗುರುವಾರ ಬಂದಾಗ ಮಾತ್ರ ಬಿಳಿ ಅಂಗಿ ತೊಟ್ಟು, ಟವೆಲನ್ನು ಕಿವಿಯವರೆಗೆ ಸುತ್ತಿಕೊಂಡು ನಿಂತ.

"ಎಲ್ಲಿಗ್ರಿ?"

"ದಾಂಡೇಲಿಗೆ. ಎತ್ತು ನೋಡಾಕ."

ಸತ್ತೆವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು. "ದಾಂಡೇಲ್ಯಾಗ ಕಾಗದ ಮಾಡ್ತಾರಂತ ಕೇಳೇನಿ. ಎತ್ತು ಯಾವಾಗಿಂದ ಮಾಡಾಕ ಹತ್ಯಾರ?"

ಬಸ್ಸಿನ ಪ್ರತಿ ಕುಲುಕನ್ನೂ ಕುತ್ತಿಗೆಯೇ ಎಣಿಸಿತು. ಬಿದಿರಿನ ಲಾರಿಗಳ ಹಿಂದೆ ತೆವಳಿ ದಾಂಡೇಲಿ ಮುಟ್ಟಿದಾಗ ಕಾರ್ಖಾನೆಯ ಭೋಂಗಾ ಕೂಗುತ್ತಿತ್ತು. ಪಾಳಿ ಬಿಟ್ಟ ಜನ ಎದುರಿಗೆ ಬಂದರು. ಅವರಲ್ಲಿ ಹತ್ತು ಜನರ ಕುತ್ತಿಗೆಯಾದರೂ ತನ್ನ ಕೈಯಲ್ಲಿ ತಿರುಗಿದ್ದು ಎಂದು ಗೂಳಪ್ಪನಿಗೆ ಗೊತ್ತಿತ್ತು. ಟವೆಲನ್ನು ಇನ್ನೂ ಮೇಲಕ್ಕೆಳೆದು, ಬರೀ ಮೂಗು ಕಣ್ಣು ಬಿಟ್ಟುಕೊಂಡು ದವಾಖಾನೆ ಹೊಕ್ಕ. ಹೆಸರು ಕೇಳಿದಾಗ "ಮಲಕಪ್ಪ" ಎಂದ. ಕಸುಬು ಕೇಳಿದಾಗ "ಮೆಣಸಿನಕಾಯಿ ವ್ಯಾಪಾರ" ಎಂದ.

ಗಿರಿಜಾಬಾಯಿ ಅವನ ಎದೆಮಟ್ಟ ಬರುವ ಹೆಂಗಸು. ಮೂವತ್ತು ದಾಟಿರಲಿಕ್ಕಿಲ್ಲ. ಸ್ಟೂಲಿನ ಮೇಲೆ ಕೂರಿಸಿ, ಟವೆಲು ತೆಗೆಸಿ, ಕುತ್ತಿಗೆಯನ್ನು ನಾಲ್ಕೂ ಕಡೆ ಆಡಿಸಲು ಅವನಿಗೇ ಹೇಳಿದಳು. ಕೈ ಜೋಮು ಹಿಡಿಯುತ್ತದೆಯೇ, ಬೆರಳಿಗೆ ಶಕ್ತಿ ಇದೆಯೇ ಎಂದು ನೋಡಿದಳು.

"ಕೆಲಸದಾಗ ಭಾಳ ಹೊತ್ತು ಬಗ್ಗಿ ನಿಂದರ್ತೀರೇನ್ರಿ ಕಾಕಾರ?"

"ಮೆಣಸಿನಕಾಯಿ ಆರಸ್ತೇನ್ರಿ ಬಾಯಾರ."

"ಎಷ್ಟ ವರ್ಷದಿಂದ?"

"ಇಪ್ಪತ್ತು."

"ಭಾಳ ಮೆಣಸಿನಕಾಯಿ ಆದವು," ಎಂದು ಆಕೆ ಹೆಬ್ಬೆರಳಿಂದ ಕುತ್ತಿಗೆಯ ಬುಡದಲ್ಲಿ ಒಂದು ಕಡೆ ಒತ್ತಿದಳು. ಗೂಳಪ್ಪನಿಗೆ ಕಣ್ಣಲ್ಲಿ ನೀರು ಬಂತು. ನಾಲ್ಕು ತಿಂಗಳಿಂದ ತಾನೇ ಕೈ ಹಿಂದೆ ಹಾಕಿ ಹುಡುಕಿದರೂ ಸಿಗದ ಗಂಟು ಅದು. ಈಕೆಗೆ ಒಂದೇ ಸಲಕ್ಕೆ ಸಿಕ್ಕಿತ್ತು. ನೋವಿನ ಜತೆಗೇ ಒಂದು ಮರ್ಯಾದೆ ಹುಟ್ಟಿತು. ಈಕೆಗೆ ಕೈ ಇದೆ ಎಂದುಕೊಂಡ.

ಕೆಂಪು ಬೆಳಕಿನ ದೀಪ ಹಚ್ಚಿ ಕಾಲು ಗಂಟೆ ಕಾಸಿದರು. ಸತ್ತೆವ್ವನ ಉಪ್ಪಿನ ಗಂಟಿನಷ್ಟೇ ಹಿತ, ಆದರೆ ಬೇಗ ಆರುವುದಿಲ್ಲ. ಆಮೇಲೆ ಮಂಚದ ಮೇಲೆ ಮಲಗಿಸಿ ಗದ್ದಕ್ಕೂ ತಲೆಯ ಹಿಂಭಾಗಕ್ಕೂ ತೊಗಲಿನ ಪಟ್ಟಿ ಕಟ್ಟಿದರು. ಪಟ್ಟಿಗೆ ಹಗ್ಗ, ಹಗ್ಗಕ್ಕೆ ರಾಟೆ, ರಾಟೆಯಾಚೆ ತೂಗುವ ಮರಳಿನ ಚೀಲ. ತಾನು ಹನ್ನೆರಡು ವರ್ಷದಿಂದ ಬೈಯುತ್ತ ಬಂದ ಎಳೆಯುವ ವಿದ್ಯೆ ಇದೇ ಎಂದು ಗೊತ್ತಾಗುವ ಹೊತ್ತಿಗೆ ಚೀಲ ಇಳಿಬಿಟ್ಟಾಗಿತ್ತು. ಬಾಯಿ ತೆರೆಯಲು ಬರುವಂತಿರಲಿಲ್ಲ. ಹಾಗಾಗಿ ಛಾವಣಿ ನೋಡುತ್ತ ಮಲಗಿದ.

ಎದ್ದಾಗ ಕುತ್ತಿಗೆ ಹಗುರಾಗಿತ್ತು. ಹಳಿಯಾಳ ಮುಟ್ಟುವ ಹೊತ್ತಿಗೆ ಮತ್ತೆ ಅರ್ಧ ಬಿಗಿದಿತ್ತು. ಕಲಿಸಿಕೊಟ್ಟ ಕಸರತ್ತನ್ನು ಅವನು ಮಾಡಲಿಲ್ಲ. ಅಂಗೈಯಿಂದ ಹಣೆ ಒತ್ತುವುದೂ ಒಂದು ಕಸರತ್ತೇ? ಎತ್ತು ಮಾತ್ರ ಮುಂದಿನ ಗುರುವಾರವೂ ನೋಡಬೇಕಾಯಿತು.

ಅದರ ಮುಂದಿನ ಗುರುವಾರ ಪಕ್ಕದ ಮಂಚದಲ್ಲಿ ಇನ್ನೊಬ್ಬನಿದ್ದ. ನಡುವೆ ಒಂದು ಬಿಳಿ ಪರದೆ. ಇಬ್ಬರ ತಲೆಗೂ ಪಟ್ಟಿ, ಇಬ್ಬರ ಕಣ್ಣೂ ಛಾವಣಿಗೆ.

"ಮಹಾಂತಪ್ಪಾರ, ಹೆಂಗ ಅನ್ನಸ್ತೈತ್ರಿ?" ಎಂದು ಗಿರಿಜಾಬಾಯಿ ಆ ಕಡೆಯವನನ್ನು ಕೇಳಿದಳು.

"ಹಗ್ಗ ಸಡಲ ಬಿಟ್ಟೀರಿ ಬಾಯಾರ," ಎಂದು ಹಲ್ಲು ಕಚ್ಚಿಕೊಂಡೇ ಉತ್ತರ ಬಂತು. "ಎಳ್ಯೂದಂದರ ಹಿಂಗಲ್ಲ."

ಗೂಳಪ್ಪನ ಕಿವಿ ನಿಮಿರಿತು. ಆ ಧ್ವನಿಯನ್ನು ಅವನು ಹನ್ನೆರಡು ವರ್ಷದಲ್ಲಿ ಮರೆತಿರಲಿಲ್ಲ. ಗಿರಿಜಾಬಾಯಿ ಈ ಕಡೆ ಬಂದು, "ಮಲಕಪ್ಪಾರ, ಈ ಸಲ ಮೆಣಸಿನಕಾಯಿ ಹೆಂಗ ಅದಾವ್ರಿ?" ಎಂದಳು. ಗೂಳಪ್ಪ ಬರೀ "ಹೂಂ" ಎಂದ. ಆಕೆ ಹೊರಗೆ ಹೋಗುವವರೆಗೆ ಕಾದು, ಹಲ್ಲಿನ ಸಂದಿಯಿಂದಲೇ, ಛಾವಣಿಗೆ ಹೇಳುವಂತೆ ಹೇಳಿದ.

"ಇಂದೂರದಾಗ ಮಹಾಂತಪ್ಪ ಅನ್ನೂ ಮಾಲೀಸಿನಾವ ಯಾವಾಗ ಹುಟ್ಟಿದಾ?"

ಆ ಕಡೆಯಿಂದ ಅಂದಾನೆಪ್ಪನ ಉತ್ತರ ಬಂತು. "ಹಳಿಯಾಳದಾಗ ಪೈಲವಾನ್ರು ಮೆಣಸಿನಕಾಯಿ ಮಾರಾಕ ಹತ್ತಿದ ಮ್ಯಾಲೆ."

"ಹುಬ್ಬಳ್ಳಿ ಹತ್ತರ ಇತ್ತಲ್ಲ ನಿನಗ. ಇಷ್ಟು ದೂರ ಯಾಕ ಬಂದಿ?"

"ಹುಬ್ಬಳ್ಳಿ ಪ್ಯಾಟ್ಯಾಗ ಯಾವ ಓಣಿ ಹೊಕ್ಕರೂ ನಮ್ಮೂರ ಮಂದಿ. ನೀ ಇಷ್ಟ ಹತ್ತರ ಬಂದೀಯಲ್ಲ, ನಿನಗ ನಾಚಿಕಿ ಇಲ್ಲೇನು?"

"ಟವೆಲ್ ಐತಿ."

ಅಂದಾನೆಪ್ಪ, "ಕಡೀಗೆ ನೋಡು, ಎಳ್ಯೂದ ಖರೆ ಆತು. ಮುಂಬಯಿಯಾಗ ಕಲತು ಬಂದವರೂ ಎಳೀತಾರ" ಎಂದ.

"ಅಷ್ಟ ಖರೆ ಇದ್ದರ ನಿನ್ನ ಕುತ್ತಿಗಿ ನೀನ ಎಳಕೋಬೇಕಾಗಿತ್ತು."

"ನೀ ತಿರುವಿಕೊಂಡೀಯೇನು?"

"ಹೆಂಡತಿ ತಿರುವಲಿಲ್ಲ."

ಪರದೆಯಾಚೆ ಮಂಚ ಕಿರುಗುಟ್ಟಿತು. ಅಂದಾನೆಪ್ಪ ನಗುತ್ತಿದ್ದ. ಪಟ್ಟಿ ಕಟ್ಟಿಕೊಂಡು ನಗುವುದು ಸುಲಭವಲ್ಲ. ಗದ್ದ ಮೇಲೆ, ಮರಳಿನ ಚೀಲ ಕೆಳಗೆ, ಎರಡೂ ತಾಳ ಹಾಕುತ್ತವೆ. ಅದನ್ನು ಕೇಳಿ ಗೂಳಪ್ಪನಿಗೂ ನಗು ಬಂತು, ನಗುವಿಗೆ ನೋವು ಬಂತು, ಇಬ್ಬರೂ "ಅಯ್ಯಪ್ಪಾ" ಎನ್ನುತ್ತ ನಕ್ಕರು. ಸದ್ದಿಗೆ ಗಿರಿಜಾಬಾಯಿ ಬಂದು ಪರದೆ ಸರಿಸಿದಳು.

"ಖರೆ ಹೆಸರು ಯಾವಾಗ ಹೇಳ್ತೀರಿ ಅಂತ ಕಾಯಾಕ ಹತ್ತಿದ್ದೆ," ಎಂದಳು. "ನನ್ನ ಕಡೆ ಬರೂ ಮಂದ್ಯಾಗ ಅರ್ಧ ಮಂದಿ ನಿಮ್ಮಿಬ್ಬರ ಕೈಯಾಗ ಹಾದು ಬಂದವರು. ನಿಮ್ಮ ಹೆಬ್ಬೆರಳು ನೋಡಿದರ ಮೆಣಸಿನಕಾಯಿ ಆರಿಸಿದ್ದಲ್ಲ ಅಂತ ತಿಳಿಯೂದಿಲ್ಲೇನು?"

ಇಬ್ಬರೂ ಬೈಗುಳಕ್ಕೆ ಸಿದ್ಧರಾಗಿ ಕಣ್ಣು ಮುಚ್ಚಿದರು. ಬೈಗುಳ ಬರಲಿಲ್ಲ. ಪಟ್ಟಿ ಬಿಚ್ಚಿ, ಇಬ್ಬರನ್ನೂ ಕರೆದುಕೊಂಡು ಹೊರಗಿನ ಬೆಂಚಿಗೆ ಹೋದಳು. ಅಲ್ಲಿ ಬಿದಿರು ಇಳಿಸುವ ಅಡಿವೆಯ್ಯ ಭುಜ ಹಿಡಿದುಕೊಂಡು ಕೂತಿದ್ದ. ನಾದುವುದನ್ನು ತೋರಿಸಲು ಆಕೆ ಹೇಳಿದಳು. ಗೂಳಪ್ಪ ಅಂಗಿಯ ತೋಳು ಮಡಚಿ ನಾದಿದ. ಆಕೆ ಪಕ್ಕದಲ್ಲಿ ನಿಂತು, ಬೆರಳು ಎಲ್ಲಿ ಹೋಗುತ್ತದೆ, ಎಲ್ಲಿ ತಡೆಯುತ್ತದೆ ಎಂದು ಶಾಲೆಯ ಹುಡುಗಿಯ ಹಾಗೆ ನೋಡಿದಳು. "ಇದನ್ನ ನನಗ್ಯಾರೂ ಇಷ್ಟು ಚೊಲೊ ಕಲಿಸಿರಲಿಲ್ಲ," ಎಂದಳು. ಗೂಳಪ್ಪ ಅಡಿವೆಯ್ಯನ ಗದ್ದಕ್ಕೆ ಕೈ ಹಾಕಿ, ಅಭ್ಯಾಸಬಲದಿಂದ, "ನಿನ್ನೆ ಊಟಕ್ಕ ಏನ್ ಮಾಡಿದ್ರು?" ಎಂದು ಕೇಳಿದ್ದೇ ತಡ, ಗಿರಿಜಾಬಾಯಿ ಅವನ ಮಣಿಕಟ್ಟು ಹಿಡಿದಳು.

"ಅಲ್ಲಿಗೆ ಸಾಕ್ರಿ. ಈತನ ಕೈ ಜೋಮು ಹಿಡಿದೈತಿ. ಇಂಥಾ ಕುತ್ತಿಗಿ ತಿರುವಿದರ ಒಳಗ ನರ ಸಿಕ್ಕೊಂಡರ ಯಾರ ತಗೀತಾರ? ವಯಸ್ಸಾದವರದಂತೂ ಮುಟ್ಟಬ್ಯಾಡ್ರಿ." ಅಂದಾನೆಪ್ಪ ಪಕ್ಕದಲ್ಲಿ ಮೀಸೆ ತಿರುವಿಕೊಳ್ಳುತ್ತಿದ್ದ. ಆಕೆ ಅವನ ಕಡೆ ತಿರುಗಿದಳು. "ನೀವೂ ಅಷ್ಟರಿ. ನಾ ಎಳೀತೇನಿ ಖರೆ, ಎಷ್ಟ ಭಾರ, ಎಷ್ಟ ಹೊತ್ತು ಅಂತ ನೋಡಿ ಎಳೀತೇನಿ. ನೀವು ಹಿಂದಕ್ಕ ವಾಲಿ ಎಳೀತೀರಂತ." ಆಮೇಲೆ ಇಬ್ಬರಿಗೂ ಸೇರಿಸಿ ಹೇಳಿದಳು. "ಕಾಸೂದು, ತಿಕ್ಕೂದು, ಎಳ್ಯೂದು, ಎಲ್ಲಾ ನಾಕ ದಿನದ ಸುಖ. ತಲಿ ಹೊರೂದು ಕುತ್ತಿಗಿ ಸುತ್ತಿನ ಮಾಂಸ. ಅದಕ್ಕ ದಿನಾ ಕೆಲಸ ಕೊಡಬೇಕು. ಕಸರತ್ತು ಮಾಡೀರೇನು ಇಬ್ಬರೂ?"

ಐನೂರು ಬಸ್ಕಿಯ ಇಬ್ಬರು ಪೈಲವಾನರು ನೆಲ ನೋಡಿದರು.

ಹಾಗೆ ಗೂಳಪ್ಪನ ಕಸರತ್ತು ಶುರುವಾಯಿತು. ಅಂಗೈಯನ್ನು ಹಣೆಗೊತ್ತಿ, ತಲೆ ಅಲುಗದಂತೆ ತಳ್ಳಿ, ಹತ್ತು ಎಣಿಸುವುದು. ಹಾಗೇ ಹಿಂದೆ, ಹಾಗೇ ಎರಡೂ ಪಕ್ಕ. ಗದ್ದವನ್ನು ಒಳಗೆ ಎಳೆದುಕೊಂಡು ನೆಟ್ಟಗೆ ಕೂರುವುದು. ಭುಜದ ಹಲಗೆಗಳನ್ನು ಹಿಂದೆ ಕೂಡಿಸುವುದು. ದಿಂಬು ತೆಳ್ಳಗಿರಬೇಕು. ಹತ್ತು ದಿನ ಮಾತ್ರ, ಬಸ್ಸಿನಲ್ಲಿ ಕೂರುವಾಗ, ಕೊರಳಿಗೆ ದಪ್ಪ ಬಟ್ಟೆಯ ಪಟ್ಟಿ. ಕಸರತ್ತನ್ನು ದನದ ಕೊಟ್ಟಿಗೆಯಲ್ಲಿ ಗೋಡೆಗೆ ಮುಖ ಮಾಡಿ ಮಾಡುತ್ತಿದ್ದ. ಮೂರನೆಯ ದಿನ ಹಿಂದಿನಿಂದ ಸತ್ತೆವ್ವನ ಧ್ವನಿ ಬಂತು.

"ಎತ್ತು ಸಿಗಲಿಲ್ಲ, ಅದರ ಕೊರಳ ಪಟ್ಟಿ ಅಷ್ಟ ಸಿಕ್ತೇನ್ರಿ?"

ಆಕೆಯ ಕೈಯಲ್ಲಿ ಅವನ ಚೀಲದಲ್ಲಿದ್ದ ಪಟ್ಟಿಯಿತ್ತು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಗೂಳಪ್ಪ ಎಲ್ಲ ಹೇಳಿದ, ಅಂದಾನೆಪ್ಪನನ್ನೂ ಬಿಡದೆ. ಕೇಳಿ ಸತ್ತೆವ್ವ ನಗಲಿಲ್ಲ, ಅದೇ ಅವನಿಗೆ ಹೆಚ್ಚು ಭಯ ಹುಟ್ಟಿಸಿತು. ಮಾರನೆಯ ದಿನದಿಂದ ಒಲೆಯ ಮುಂದೆ ಕೂರಿಸಿಕೊಂಡು ತಾನೇ ಎಣಿಸತೊಡಗಿದಳು. ರೊಟ್ಟಿ ಬಡಿಯುತ್ತ ಒಂದು, ಎರಡು ಎಂದು ಶುರುಮಾಡಿ, ರೊಟ್ಟಿ ತಿರುವಿಹಾಕಲು ಏಳರಲ್ಲಿ ನಿಲ್ಲಿಸಿ, ಮತ್ತೆ ಐದರಿಂದ ಹಿಡಿಯುತ್ತಿದ್ದಳು. ಹತ್ತು ಎಂಬುದು ಎಷ್ಟು ದೂರ ಎಂದು ಗೂಳಪ್ಪನಿಗೆ ಆಗ ತಿಳಿಯಿತು.

ಒಂದು ತಿಂಗಳು ಏನೂ ಆಗಲಿಲ್ಲ. ಎರಡನೆಯ ತಿಂಗಳಲ್ಲಿ ಒಂದು ದಿನ ಮುಂಜಾನೆ ನೋವಿಲ್ಲದೆ ಎದ್ದ. ಮರುದಿನ ನೋವು ಬಂತು, ಆದರೆ ಕಡಿಮೆ ಹೊತ್ತು ಕೂತು ಹೋಯಿತು. ಹೋಳಿ ಹುಣ್ಣಿಮೆಯ ಹೊತ್ತಿಗೆ ಬಸಲಿಂಗಯ್ಯ ಹಿಂದಿನಿಂದ ಕೂಗಿದಾಗ ಗೂಳಪ್ಪ ತಲೆ ತಿರುಗಿಸಿ ನೋಡಿದ. ಪೈಲವಾನನ ಸೊಕ್ಕು ಇಳಿಯಿತು ಎಂದು ಪೇಟೆಯವರು ಹೇಳಿಕೊಂಡರು.

ಕಟ್ಟೆಯ ಕ್ರಮವೂ ಬದಲಾಯಿತು. ಈಗ ಗೂಳಪ್ಪ ಬಗ್ಗಿ ನಿಲ್ಲುತ್ತಿರಲಿಲ್ಲ. ರೋಗಿಯನ್ನು ನೆಲದ ಬದಲು ಕಟ್ಟೆಯ ಅಂಚಿಗೆ ಕೂರಿಸಿ ತಾನು ನೆಟ್ಟಗೆ ನಿಂತು ನಾದುತ್ತಿದ್ದ. ಕೈ ಜೋಮು ಎಂದವರನ್ನು ದಾಂಡೇಲಿಗೆ ಕಳಿಸುತ್ತಿದ್ದ. ತಿರುವುವುದನ್ನು ಬಿಟ್ಟೇಬಿಟ್ಟ. ಇದು ಜನಕ್ಕೆ ಹಿಡಿಸಲಿಲ್ಲ. ಜೊಯಿಡಾದಿಂದ ಬಂದ ಕೆಂಚವ್ವ ಎಂಬ ಮುದುಕಿ ಅರ್ಧ ಗಂಟೆ ನಾದಿಸಿಕೊಂಡು, ಕಸರತ್ತನ್ನೂ ಕಲಿತು, ಏಳದೆ ಕೂತೇ ಇದ್ದಳು.

"ಯಾಕವ್ವ, ಇನ್ನೂ ನೋವೈತೇನು?"

"ನೋವು ಹೋಗೇತಿ. ಕಟಕ್ ಅನ್ನಲಿಲ್ಲ."

"ಅನ್ನಬಾರದಂತ."

"ಎರಡು ಬಸ್ ಬದಲಿಸಿ ಬಂದೇನೋ ಯಪ್ಪಾ," ಎಂದಳು ಮುದುಕಿ, ಬಹಳ ನೊಂದು.

ಗೂಳಪ್ಪ ವಿಚಾರ ಮಾಡಿದ. ಆಕೆಯ ತಲೆಯನ್ನು ಮೆಲ್ಲಗೆ ಹಿಡಿದು, ಅಲುಗಿಸದೆ, ಕಿವಿಯ ಪಕ್ಕದಲ್ಲಿ ತನ್ನ ಹೆಬ್ಬೆರಳಿನ ನೆಟಿಕೆ ಮುರಿದ. ಕೆಂಚವ್ವ ಉಸಿರು ಬಿಟ್ಟು, ಕಣ್ಣು ತೆರೆದು, ನೂರು ವರ್ಷ ಬಾಳು ಎಂದು ಹರಸಿ ಬಸ್ಸಿಗೆ ಹೋದಳು. ಅಂದಿನಿಂದ ಬೇಡಿದವರಿಗೆಲ್ಲ ನೆಟಿಕೆಯೇ. ಗಿರಿಜಾಬಾಯಿಗೆ ಇದನ್ನು ಹೇಳಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿ, ಕಡೆಗೆ ಹೇಳಿದ. ಆಕೆ ನಕ್ಕು, ಕಸರತ್ತು ಮಾತ್ರ ತಪ್ಪಿಸಬೇಡಿ ಎಂದಳು.

ಅಂದಾನೆಪ್ಪನ ಜತೆ ಸ್ನೇಹ ಬೆಳೆಯಿತೆನ್ನುವಂತಿಲ್ಲ. ಗುರುವಾರ ದಾಂಡೇಲಿಯಲ್ಲಿ ಸೇರುತ್ತಿದ್ದರು, ಬಸ್ ನಿಲ್ದಾಣದ ಬಳಿ ಚಹಾ ಕುಡಿಯುತ್ತಿದ್ದರು, ಯಾರ ಕುತ್ತಿಗೆ ಎಷ್ಟು ತಿರುಗುತ್ತದೆ ಎಂದು ಜಗಳವಾಡುತ್ತಿದ್ದರು. ಊರಿಗೆ ಹೋದ ಮೇಲೆ ಇಬ್ಬರೂ ಮೊದಲಿನ ಹಾಗೇ ಒಬ್ಬರನ್ನೊಬ್ಬರು ಬೈಯುತ್ತಿದ್ದರು. ಬಂದವರು ಅದನ್ನು ನಿರೀಕ್ಷಿಸುತ್ತಿದ್ದರು.

ಅರವತ್ತೇಳರಲ್ಲಿ ಗಿರಿಜಾಬಾಯಿಯ ಗಂಡನಿಗೆ ಬೇರೆ ಊರಿನಲ್ಲಿ ಕೆಲಸವಾಯಿತು. ಹೊರಡುವ ದಿನ ಗೂಳಪ್ಪ ಸತ್ತೆವ್ವನನ್ನೂ ಕರೆದುಕೊಂಡು ಹೋದ. ಸತ್ತೆವ್ವ ಒಂದು ಡಬ್ಬಿ ಶೇಂಗಾ ಉಂಡಿ, ಹುರಿದ ಉಪ್ಪಿನ ಒಂದು ಗಂಟು ಕೊಟ್ಟಳು. "ನಿಮ್ಮ ಕೈಗೂ ನೋವು ಬರ್ತಿರ್ಬೇಕಲ್ರಿ ಬಾಯಾರ," ಎಂದಳು. ನಾಲ್ಕು ವರ್ಷದಲ್ಲಿ ಆ ಮಾತನ್ನು ಯಾರೂ ಆಕೆಯನ್ನು ಕೇಳಿರಲಿಲ್ಲ. ಗಿರಿಜಾಬಾಯಿ ಗಂಟನ್ನು ಎರಡೂ ಅಂಗೈಗಳ ನಡುವೆ ಒತ್ತಿಕೊಂಡಳು. ಆಮೇಲೆ ಗೂಳಪ್ಪನನ್ನು ಅಲ್ಲೇ ನಿಲ್ಲಿಸಿ ಎಡಕ್ಕೆ ತಿರುಗಲು ಹೇಳಿದಳು. ಅವನು ತಿರುಗಿದ. ಗದ್ದ ಪೂರ್ತಿ ಭುಜದವರೆಗೆ ಹೋಗಲಿಲ್ಲ, ಮುಕ್ಕಾಲು ದಾರಿಯಲ್ಲಿ ನಿಂತಿತು.

"ಇನ್ನೊಂದಿಷ್ಟು ಹೋಗೂದಿಲ್ಲರಿ," ಎಂದ.

"ಇರ್ಲಿ ಬಿಡ್ರಿ. ಐವತ್ತೈದು ವರ್ಷದ ಕುತ್ತಿಗಿ ಇಷ್ಟ ತಿರುಗಿದರ ಸಾಕು," ಎಂದಳು ಗಿರಿಜಾಬಾಯಿ. ಜೀಪು ಹೊರಟಿತು. ಗೂಳಪ್ಪ ಮತ್ತು ಸತ್ತೆವ್ವ ಹಳಿಯಾಳದ ಬಸ್ಸಿಗಾಗಿ ನೆರಳು ಹುಡುಕಿಕೊಂಡು ನಡೆದರು.